ಬ್ಯಾಚುಲರ್ ಎಂದರೆ ಅವಿವಾಹಿತನಲ್ಲ

ಗಲ್ಫ್‌ನಲ್ಲಿ ಬ್ಯಾಚುಲರ್ ಎಂದರೆ ಮದುವೆಯಾಗದವನು ಎಂದಲ್ಲ. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದು, ಇಲ್ಲಿ ಇನ್ನೂ ಕೆಲವು ಗಂಡಸರ ಜೊತೆ ಒಂದೇ ಫ್ಲ್ಯಾಟಿನಲ್ಲಿ ಮಂಚದಷ್ಟು ಜಾಗಕ್ಕೆ ಬಾಡಿಗೆ ಕೊಟ್ಟು ಇರುವವನು ಬ್ಯಾಚುಲರ್. ಮೊಮ್ಮಕ್ಕಳಿರುವ ಬ್ಯಾಚುಲರ್‌ಗಳನ್ನೂ ನಾನು ನೋಡಿದ್ದೇನೆ. ಫ್ಯಾಮಿಲಿ ಎಂದರೆ ವೀಸಾ ಪಡೆದು ಇಲ್ಲಿಗೆ ಬಂದಿರುವ ಕುಟುಂಬ. ಊರಿನಲ್ಲಿ ಉಳಿದದ್ದು ಲೆಕ್ಕಕ್ಕೆ ಬರುವುದಿಲ್ಲ. “ಫ್ಯಾಮಿಲಿ ಉಂಟಾ?” ಎಂದು ಯಾರಾದರೂ ಕೇಳಿದರೆ, ಇಬ್ಬರು ಹೆಣ್ಣುಮಕ್ಕಳ ತಂದೆಯಾದ ನನ್ನ ಮಾವ ಯೋಚನೆಯನ್ನೂ ಮಾಡದೆ “ಇಲ್ಲ” ಎನ್ನುತ್ತಾರೆ. ದುಬೈಯಲ್ಲೇ ಹುಟ್ಟಿ ಬೆಳೆದ ನನಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.

ಮಾವ ಅಮ್ಮನ ತಮ್ಮ. ಒಂದು ಎಸಿ ಕಂಪನಿಯ ಸ್ಟೋರಿನಲ್ಲಿ ಕೆಲಸ. ಅಲ್ ನಹ್ದಾದಲ್ಲಿ ನಮ್ಮ ಕಟ್ಟಡದ ಹಿಂದಿನ ರಸ್ತೆಯಲ್ಲೇ ಅವರ ಕೋಣೆ. ಭಾನುವಾರದ ಊಟ ನಮ್ಮಲ್ಲಿ. ನಾನು ಬರೆದ ಕನ್ನಡವನ್ನು ಕೊನೆಯ ಸಾಲಿನವರೆಗೆ ಓದುತ್ತಿದ್ದವರು ಬಹುಶಃ ಅವರೊಬ್ಬರೇ.

ಪತ್ರಿಕೋದ್ಯಮದ ಮೂರನೆಯ ವರ್ಷದಲ್ಲಿ ನಾನು ಬೆಂಗಳೂರಿನ ಒಂದು ಸುದ್ದಿತಾಣಕ್ಕೆ ಇಲ್ಲಿಂದ ವರದಿ ಕಳಿಸುತ್ತಿದ್ದೆ. ಮನೆಮಾತು ತುಳು, ಶಾಲೆ ಇಂಗ್ಲಿಷ್. ಕನ್ನಡವನ್ನು ವಾರದ ರಜೆಯ ತರಗತಿಗಳಲ್ಲಿ ಕಲಿತು, ಆಮೇಲೆ ಹಟ ಹಿಡಿದು ಓದಿ ನನ್ನದಾಗಿಸಿಕೊಂಡಿದ್ದೆ. ತಾಣದವರಿಗೆ ಬೇಕಾಗಿದ್ದದ್ದು ನನ್ನ ಕನ್ನಡವಲ್ಲ, ಸಮಾರಂಭಗಳು. ಶಾಲು, ಹಾರ, ದೀಪ ಬೆಳಗುವ ಗಣ್ಯರು. “ಅದ್ದೂರಿಯಾಗಿ ಜರುಗಿತು” ಎಂಬ ವಾಕ್ಯವನ್ನು ಇಲ್ಲಿನ ಕನ್ನಡ ಸಂಘದವರು ಕಾರ್ಯಕ್ರಮದ ಹಿಂದಿನ ದಿನವೇ ಬರೆದು ಕೊಡುತ್ತಿದ್ದರು. ಖಾಲಿ ಕುರ್ಚಿಗಳ ಬಗ್ಗೆ ಒಮ್ಮೆ ಬರೆದಾಗ ತಾಣದ ಸಂಪಾದಕೀಯ ಡೆಸ್ಕ್ ಆ ಸಾಲನ್ನು ತೆಗೆದು ಹಾಕಿತು. ಇದನ್ನೇ ಸಂಸ್ಕೃತಿ ಎನ್ನುವವರ ಮೇಲೆ ನನಗೆ ಆಗಲೇ ಸಾಕಷ್ಟು ಅಸಹ್ಯವಿತ್ತು.

ಆ ಚಳಿಗಾಲದಲ್ಲಿ ಮಾವನ ಕಟ್ಟಡದ ಲಿಫ್ಟಿನ ಪಕ್ಕ ಒಂದು ಸೂಚನೆ ಬಂತು: ಇನ್ನು ಫ್ಯಾಮಿಲಿಗಳಿಗೆ ಮಾತ್ರ, ಬ್ಯಾಚುಲರ್‌ಗಳು ಖಾಲಿ ಮಾಡಬೇಕು. ಇದು ಸುದ್ದಿ ಎಂದು ನನಗೆ ಅನ್ನಿಸಿತು. ಕ್ಯಾಮೆರಾ ಹಿಡಿದು ಹೋದೆ. ಮಾವ ಬಂಗುಡೆ ಹುರಿಯುತ್ತಿದ್ದರು.

“ನಿಲ್ಲು ಮಾರಾಯ್ತಿ, ಬನಿಯನಲ್ಲಿ ಬೇಡ. ನಿನ್ನತ್ತೆ ನೋಡಿದ್ರೆ ಮರ್ಯಾದೆ ತೆಗೀತಾಳೆ,” ಎಂದು ಒಳಗೆ ಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಕೆಳಗೆ ಲುಂಗಿ ಹಾಗೇ ಇತ್ತು.

ಅವರ ಜೊತೆಗಾರ, ನಿಜಕ್ಕೂ ಮದುವೆಯಾಗದ ಕಾರ್ಕಳದವನೊಬ್ಬ, “ನನ್ನದು ಚಂದ ತೆಗೀರಿ ಅಕ್ಕ, ಮನೇಲಿ ಹುಡುಗಿ ನೋಡ್ತಿದ್ದಾರೆ,” ಎಂದು ತಲೆ ಬಾಚಿಕೊಂಡ.

ವರದಿಯಲ್ಲಿ ನಾನು ಬ್ಯಾಚುಲರ್ ಎಂದೇ ಬರೆದೆ. ಆ ಮಾತಿಗೆ ಇಲ್ಲಿರುವ ಅರ್ಥವನ್ನೂ ಒಂದು ವಾಕ್ಯದಲ್ಲಿ ಹೇಳಿದೆ. ಡೆಸ್ಕಿನ ಉಪಸಂಪಾದಕರಿಗೆ ಇಂಗ್ಲಿಷ್ ಪದಗಳೆಂದರೆ ಆಗುತ್ತಿರಲಿಲ್ಲ. ಅವರು ಎಲ್ಲ ಕಡೆ ಅದನ್ನು ‘ಅವಿವಾಹಿತ’ ಮಾಡಿದರು. ನನ್ನ ವಿವರಣೆ ಆಗ ಅಸಂಬದ್ಧವಾಗಿ ಕಂಡಿರಬೇಕು, ಅದನ್ನು ಕತ್ತರಿಸಿದರು. ಬಂಗುಡೆಯ ಮುಂದೆ ಸೌಟು ಹಿಡಿದು ನಿಂತ ಮಾವನ ಚಿತ್ರದ ಕೆಳಗೆ ‘ಅಡುಗೆಯಲ್ಲಿ ನಿರತರಾದ ಅವಿವಾಹಿತರು’ ಎಂದಿತ್ತು. ಮೇಲೆ ನನ್ನ ಹೆಸರು.

ಅಬುಧಾಬಿಯಲ್ಲಿ ಯಾವುದೋ ವಾರ್ಷಿಕೋತ್ಸವದ ವರದಿಗೆಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಊರಿನಿಂದ ಅತ್ತೆಯ ವಾಯ್ಸ್ ಮೆಸೇಜ್ ಬಂತು. ಅತ್ತೆ ಎಂದರೆ ಮಾವನ ಹೆಂಡತಿ. ದನಿ ಏರಿರಲಿಲ್ಲ, ಅದಕ್ಕೇ ನನಗೆ ಭಯವಾಯಿತು.

“ನಿನ್ನ ಪೇಪರು ವಾಟ್ಸಾಪಲ್ಲಿ ಇಡೀ ಊರಿಗೆ ಬಂದಿದೆ. ನಮ್ಮ ಸ್ವಸಹಾಯ ಸಂಘದ ಹೆಂಗಸರು ಓದಿ ಓದಿ ಹೇಳ್ತಿದ್ದಾರೆ. ‘ಓ, ನಿನ್ನ ಗಂಡನಿಗೆ ಮದುವೆ ಆಗ್ಲಿಲ್ವಂತೆ, ಹಾಗಾದ್ರೆ ನೀನು ಯಾರು?’ ಅಂತ ಕೇಳಿದ್ದಾರೆ, ನಗಾಡಿಕೊಂಡು. ಇಷ್ಟು ವರ್ಷ ಹಿಂದಿನಿಂದ ಹೇಳ್ತಿದ್ರು, ಅವನಿಗೆ ಅಲ್ಲಿ ಬೇರೆ ಸಂಸಾರ ಉಂಟು ಅಂತ. ಈಗ ಎದುರಿಂದ. ಅದೆಲ್ಲ ಸುಳ್ಳು ಅಂತ ನಂಗೆ ಗೊತ್ತುಂಟು ಮಾರಾಯ್ತಿ. ಆದ್ರೆ ತೋರಿಸ್ಲಿಕ್ಕೆ ಎಂತಾದ್ರೂ ಬೇಕಲ್ಲ? ಅದೇ ಪೇಪರಲ್ಲಿ ತಪ್ಪಾಯ್ತು ಅಂತ ಹಾಕಿಸು.”

ನ್ಯಾಯವಾದ ಬೇಡಿಕೆ. ಬಸ್ಸಿನಿಂದಲೇ ಉಪಸಂಪಾದಕರಿಗೆ ಫೋನ್ ಮಾಡಿದೆ.

“ಬ್ಯಾಚುಲರ್ ಅಂದ್ರೆ ಅವಿವಾಹಿತ ಅಲ್ದೆ ಇನ್ನೇನ್ ಮೇಡಂ?”

“ಇಲ್ಲಿ ಅಲ್ಲ ಸರ್. ಅರ್ಥ ಬರೆದಿದ್ದೆ, ನೀವು ತೆಗೆದಿದ್ದೀರಿ. ತಿದ್ದುಪಡಿ ಪ್ರಕಟಿಸಬೇಕು.”

“ತಿದ್ದುಪಡಿ ಎಲ್ಲ ಯಾಕೆ? ನಾನು ಒಳಗೇ ಸರಿ ಮಾಡಿಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ.”

“ಗೊತ್ತಾಗಬೇಕು ಸರ್. ಅದಕ್ಕೇ ಕೇಳುತ್ತಿರುವುದು.”

“ಆಯ್ತು ಬಿಡಿ ಮೇಡಂ, ಟೆನ್ಶನ್ ತಗೋಬೇಡಿ. ಅಬುಧಾಬಿ ಫೋಟೋ ಬೇಗ ಕಳ್ಸಿ.”

ಸಭಾಂಗಣದಲ್ಲಿ ಯಾರೋ ಯಾರಿಗೋ ಪೇಟ ತೊಡಿಸುತ್ತಿದ್ದಾಗ ಫೋನ್ ತೆರೆದು ನೋಡಿದೆ. ಸರಿ ಮಾಡಿದ್ದರು. ‘ಅವಿವಾಹಿತ’ ಎಂದಿದ್ದ ಕಡೆಯೆಲ್ಲ ‘ವಿವಾಹಿತ’ ಎಂದು ಬದಲಿಸಿದ್ದರು. ಶೀರ್ಷಿಕೆ ಈಗ ಹೀಗಿತ್ತು: ‘ಕಟ್ಟಡದಲ್ಲಿ ಕುಟುಂಬಗಳಿಗೆ ಮಾತ್ರ ಅವಕಾಶ, ವಿವಾಹಿತರು ಮನೆ ಬಿಡಲು ಸೂಚನೆ.’ ಕೆಳಗೆ ಓದುಗರು ಸಾಲುಸಾಲಾಗಿ ನಗುತ್ತಿದ್ದರು. ಮನೆ ಬಿಡಬೇಕಾದವರು ಎಲ್ಲಿಗೆ ಹೋಗುತ್ತಾರೆ ಎಂದು ಒಬ್ಬನೂ ಕೇಳಿರಲಿಲ್ಲ. ಪೇಟ ತೊಟ್ಟವರ ಫೋಟೋ ನಾನು ತೆಗೆಯಲಿಲ್ಲ.

ಭಾನುವಾರ ಮಾವ ಊಟಕ್ಕೆ ಬಂದರು. ಕಾರ್ಕಳದವನಿಗೆ ನೋಡಿದ್ದ ಹುಡುಗಿಯ ಮನೆಯವರು ‘ವಿವಾಹಿತರು’ ಎಂಬುದನ್ನು ಓದಿ ಫೋನ್ ಮಾಡಿದ್ದರಂತೆ. “ಅವನು ಹೇಗೋ ಸಮಾಧಾನ ಮಾಡಿದ. ಮದುವೆ ಆಗದವನಿಗೆ ಸಾಕ್ಷಿ ಸಿಗ್ತದೆ, ಆದವನಿಗೇ ಕಷ್ಟ,” ಎಂದರು ಮಾವ.

ಅಮ್ಮ ಸಾರು ಬಡಿಸುತ್ತಾ ನನ್ನತ್ತ ನೋಡದೆ ಹೇಳಿದರು, “ನಿಂಗೆ ಬೇರೆ ಸುದ್ದಿ ಸಿಗ್ಲಿಲ್ವಾ? ಮನೆಯವರೇ ಆಗಬೇಕಿತ್ತಾ?”

“ನಾನು ಸರಿಯಾಗೇ ಬರೆದಿದ್ದೆ.”

“ಸರಿಯಾಗಿ ಬರೆದದ್ದು ಯಾರಿಗೆ ಕಾಣ್ತದೆ?”

ಇನ್ನೊಮ್ಮೆ ಡೆಸ್ಕಿಗೆ ಫೋನ್ ಮಾಡುತ್ತೇನೆ, ತಪ್ಪೊಪ್ಪಿಕೊಳ್ಳುವವರೆಗೂ ಬಿಡುವುದಿಲ್ಲ ಎಂದೆ.

“ಖಲಾಸ್, ಬಿಡು ಮಾರಾಯ್ತಿ,” ಎಂದರು ಮಾವ. “ಮೊದಲು ಅವಿವಾಹಿತ ಮಾಡಿದ್ರು, ಆಮೇಲೆ ವಿವಾಹಿತ. ಇನ್ನೊಮ್ಮೆ ತಿದ್ದಿದ್ರೆ ವಿಧುರ ಮಾಡ್ತಾರೆ.”

ಅಮ್ಮನಿಗೆ ನಗು ಬಂತು. ನನಗೆ ಬರಲಿಲ್ಲ. ಮಾವ ಮಾತನ್ನು ಮುಗಿಸಿಲ್ಲ ಎಂದು ನನಗೆ ತಿಳಿಯುತ್ತಿತ್ತು; ಅನ್ನವನ್ನು ಸುಮ್ಮನೆ ಕಲಸುತ್ತಲೇ ಇದ್ದರು.

“ನಿನ್ನತ್ತೆ ಸಂಘದಲ್ಲಿ ಒಂದು ಮಾತು ಹೇಳಿದ್ದಾಳಂತೆ. ಬರೆದದ್ದು ನನ್ನ ಅತ್ತಿಗೆ ಮಗಳು, ಅವಳು ದುಬೈಯಲ್ಲೇ ಹುಟ್ಟಿದ್ದು, ಕನ್ನಡ ಸರಿ ಬರೂದಿಲ್ಲ, ಗೊತ್ತಿಲ್ದೆ ಏನೋ ಬರೆದಿದ್ದಾಳೆ ಅಂತ. ಎಲ್ಲರೂ ಒಪ್ಪಿದ್ರಂತೆ. ಈಗ ನಿನ್ನತ್ತೆಯನ್ನ ಯಾರೂ ಏನೂ ಕೇಳೂದಿಲ್ವಂತೆ.” ಆಮೇಲೆ ನನ್ನ ಕಡೆ ತಿರುಗಿ, “ನೀನು ಹೌದು ಅಂದ್ಬಿಟ್ರೆ ಮುಗೀತದೆ. ಅತ್ತೆಗೆ ಒಂದು ಮೆಸೇಜ್ ಹಾಕು, ಗೊತ್ತಾಗ್ಲಿಲ್ಲ ಅಂತ. ಅವಳು ಅದನ್ನ ಅವರಿಗೆಲ್ಲ ಕೇಳಿಸ್ತಾಳಂತೆ.”

ಎಲ್ಲರೂ ಒಪ್ಪಿದರಂತೆ. ಒಪ್ಪದೆ ಏನು! ಗಲ್ಫಿನ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂಬುದು ಊರಿನವರಿಗೆ ಸಾಕ್ಷಿ ಬೇಡದ ಸತ್ಯ. ಕನ್ನಡ ಗೊತ್ತಿದ್ದವನು ಬೆಂಗಳೂರಿನಲ್ಲಿ ಕುಳಿತು ಮಾಡಿದ ತಪ್ಪು ಒಂದೇ ವಾರದಲ್ಲಿ ನನ್ನ ಜನ್ಮಸ್ಥಳದ ತಪ್ಪಾಯಿತು. ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಅವರಿಗೆ ಬೇಕಿದ್ದದ್ದು ತೋರಿಸಲು ಏನಾದರೊಂದು. ತಾಣದವರು ಕೊಡಲಿಲ್ಲ, ನಾನು ಸಿಕ್ಕಿದೆ.

ಅಲ್ಲೇ, ಎಡಗೈಯಲ್ಲಿ ಫೋನ್ ಹಿಡಿದು ವಾಯ್ಸ್ ಮೆಸೇಜ್ ಮಾಡಿದೆ. “ಅತ್ತೇ, ನನಗೆ ಕನ್ನಡ ಸರಿಯಾಗಿ ಬರುವುದಿಲ್ಲ. ತಪ್ಪಾಯಿತು. ಮಾವನಿಗೆ ಮದುವೆ ಆಗಿದೆ, ನಿಮ್ಮ ಜೊತೆ.” ಅಷ್ಟನ್ನೂ ಬೇಕೆಂದೇ ಸ್ಪಷ್ಟವಾದ, ಒಂದು ಒತ್ತಕ್ಷರವೂ ಜಾರದ ಕನ್ನಡದಲ್ಲಿ ಹೇಳಿದೆ. ಕೇಳಿದವರಲ್ಲಿ ಒಬ್ಬರಾದರೂ ಅದನ್ನು ಗಮನಿಸಲಿ ಎಂದಿತ್ತು.

ಮಾವನ ಮುಖ ಹಗುರವಾಯಿತು. “ಬೇಜಾರು ಮಾಡ್ಬೇಡ ಆಯ್ತಾ? ನಂಗೆ ಗೊತ್ತುಂಟಲ್ಲ.”

“ನಿಮಗೆ ಗೊತ್ತಿದ್ದೂ ಕೇಳಿದಿರಿ,” ಎಂದೆ. “ಆಯ್ತು, ಕಳಿಸಿದ್ದೇನೆ. ಆದರೆ ನಾನು ಬರೆದದ್ದನ್ನು ಇನ್ನು ಮುಂದೆ ನೀವು ಓದುವುದು ಬೇಡ.”

ಮಾವ ಮತ್ತೆ ಅನ್ನ ಕಲಸತೊಡಗಿದರು. ಅಮ್ಮ ಗದರಿದರು. ನಾನು ಕೈ ತೊಳೆಯಲು ಎದ್ದೆ.