ಕಡಿದ ಕೊಂಬೆಯ ಗೂಬೆ

ಕಣ್ಣಿಗೆ ಕಾಣದ್ದನ್ನು ಇದೆ ಎನ್ನುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಮುಂಬಯಿಯ ಫೋರ್ಟಿನ ಬ್ಯಾಂಕಿನಲ್ಲಿ ದುಡಿದು, ನಿವೃತ್ತನಾದ ಮೇಲೂ ಗಡಿಯಾರ ನೋಡಿಯೇ ಚಹಾ ಕುಡಿಯುವವನು ನಾನು. ಇದನ್ನು ಬರೆಯಲು ನನಗೇ ಮುಜುಗರ. ಆದರೂ ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಕಾಂದಿವಲಿಯ ನಮ್ಮ ಬಿಲ್ಡಿಂಗಿನ ಹಿಂದೆ ಹಳೆಯ ಮಾವಿನ ಮರವಿದೆ. ಕೆಲವು ವರ್ಷಗಳ ಹಿಂದೆ, ದೀಪ ಹಚ್ಚುವ ಹೊತ್ತಿಗೆ ಅದರ ಒಣಕೊಂಬೆಯಿಂದ ‘ಹುಟ್... ಹುಟ್’ ಎಂಬ ಮೆಲ್ಲನೆಯ ಕೂಗು ಕೇಳತೊಡಗಿತು. ಚಿಟ್ಟುಗೂಬೆ! ಗೇಣುದ್ದದ, ತೊಗಟೆಯದೇ ಬಣ್ಣದ ಹಕ್ಕಿ. ಹಗಲೆಲ್ಲ ಅಲುಗದೆ ಕುಳಿತರೆ ಮುರಿದ ಕೊಂಬೆಯ ಮೋಟು ಎಂದೇ ಅನ್ನಿಸುತ್ತದೆ. ಬೆಳಗಿನ ವಾಕಿಂಗ್ ಮುಗಿಸಿ ದಿನವೂ ದುರ್ಬೀನು ಹಿಡಿದು ಹುಡುಕಿದೆ, ಸಿಗಲಿಲ್ಲ.

ಅಷ್ಟರಲ್ಲಿ ನಮ್ಮ ಸೊಸೈಟಿಯ ಸೆಕ್ರೆಟರಿ, ವಿಜಯಪುರ ಕಡೆಯ ವ್ಯಾಪಾರಿ, ಆ ಕೊಂಬೆಯನ್ನೇ ಕಡಿಸಲು ಹೊರಟರು. ಕಾರಣ? ಅದರ ಕೆಳಗೆ ಅವರ ಹೊಸ ಕಾರು ನಿಲ್ಲಬೇಕಂತೆ! ಅಲ್ಲಿ ಗೂಬೆಯ ಸಂಸಾರವಿದೆ, ಮರಿ ಹಾರುವವರೆಗಾದರೂ ತಡೆಯಿರಿ ಎಂದೆ.

“ತೋರಸ್ರಿ ಕಾಕಾ, ಈಗಿಂದೀಗ ಕೆಲಸ ಬಂದ್ ಮಾಡಸ್ತೀನಿ” ಎಂದು ನಕ್ಕರು.

ಕಡಿಯುವವರು ಏಣಿ ಹಚ್ಚಿದ ಬೆಳಿಗ್ಗೆಯೇ ಅದು ಸಿಕ್ಕಿತು. ಒಣಕೊಂಬೆಯ ಕವಲಿನಲ್ಲಿ, ಕಿವಿಯಂಥ ಗರಿಗಳನ್ನು ನೆಟ್ಟಗೆ ಮಾಡಿ, ಕಣ್ಣರಳಿಸಿ ನನ್ನನ್ನೇ ನೋಡುತ್ತಿತ್ತು. ದುರ್ಬೀನನ್ನು ಸೆಕ್ರೆಟರಿಯ ಕೈಗಿತ್ತೆ.

“ಬರೇ ಕಟಗಿ ಐತಲ್ರೀ. ನಿಮ್ಮ ಗೂಬಿ ಇವತ್ತ ರಜಾ ಹಾಕೇತೇನು?”

“ಅಲ್ಲೇ ಉಂಟಲ್ಲ ಮಾರಾಯ್ರೆ! ನಿಮ್ಮನ್ನೇ ನೋಡ್ತಾ ಉಂಟು!”

ಏಣಿಯ ಮೇಲಿದ್ದವನು ಕವಲಿನಲ್ಲಿ ಕೈಯಾಡಿಸಿ, “ಕುಛ್ ನಹೀ ಹೈ, ಸೇಠ್” ಎಂದ. ಅವನ ಕೈ ಹಕ್ಕಿಯ ಮೈಮೇಲೆಯೇ ಹಾದುಹೋದದ್ದನ್ನು ನಾನು ಕಂಡೆ. ಅದು ಕದಲಲಿಲ್ಲ.

ಕೊಂಬೆ ಬಿತ್ತು. ಓಡಿಹೋಗಿ ಹುಡುಕಿದೆ. ಪೊಟರೆಯಿಲ್ಲ, ಗೂಡಿಲ್ಲ, ಒಂದು ಪುಕ್ಕವೂ ಇಲ್ಲ. ಕಣ್ಣು ತೋರಿಸಿಕೊಳ್ಳಿ ಎಂದು ಬಿಲ್ಡಿಂಗಿಗೆ ಬಿಲ್ಡಿಂಗೇ ಉಪದೇಶಿಸಿತು. ಅಂದೇ ಮಧ್ಯಾಹ್ನ ತೋರಿಸಿದೆ. ದೋಷವೇನೂ ಇಲ್ಲವೆಂದರು ಡಾಕ್ಟರು.

ಅದೇ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಕೂಗು ಬಂತು. ಕೊಂಬೆಯಿದ್ದ ಎತ್ತರದಿಂದಲೇ, ಈಗ ಬರೀ ಆಕಾಶವಿರುವ ಜಾಗದಿಂದ. ನಾನೊಬ್ಬನೇ ಅಲ್ಲ, ಎಲ್ಲರೂ ಕೇಳಿದರು. ಇಂದಿಗೂ ಕೇಳುತ್ತಾರೆ. ಸೆಕ್ರೆಟರಿ ತಮ್ಮ ಕಾರನ್ನು ಈಗ ರಸ್ತೆಯಲ್ಲಿ ನಿಲ್ಲಿಸುತ್ತಾರೆ. ಮೊನ್ನೆ ಮೆಟ್ಟಿಲ ಬಳಿ ನನ್ನನ್ನು ತಡೆದು ದನಿ ತಗ್ಗಿಸಿದರು:

“ಕಾಕಾ, ಏನರೆ ಮಾಡಿ ಅದನ್ನ ಓಡಸ್ರಿ.”

“ಯಾವ ಕೊಂಬೆಯಿಂದ?” ಎಂದು ಕೇಳಿದೆ.