ಕಸ ಎಂದು ಬರೆದಿದ್ದ ಕೊಳವೆ

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಮೈಸೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಹಸುಗೂಸುಗಳ ಪ್ಲಾಸ್ಮಾದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಎಷ್ಟಿದೆ ಎಂದು ಲಿಕ್ವಿಡ್ ಕ್ರೊಮಟೋಗ್ರಫಿ ಯಂತ್ರದಲ್ಲಿ ಅಳೆಯುತ್ತಿದ್ದೆ. ಕಾಮಾಲೆಯ ನಂಜು ಮಿದುಳಿಗೆ ಏರದಂತೆ ಹಿಡಿದಿಡುವುದು ಈ ಪ್ರೋಟೀನೇ. ಮಾಮೂಲಿ ಬಣ್ಣದ ಪರೀಕ್ಷೆ ಹಳದಿ ಪ್ಲಾಸ್ಮಾದಲ್ಲಿ ದಾರಿ ತಪ್ಪುತ್ತಿತ್ತು, ಯಂತ್ರ ತಪ್ಪುತ್ತಿರಲಿಲ್ಲ. ತಪ್ಪುತ್ತಿದ್ದವಳು ನಾನು. ಮೂಗಿನ ತುದಿಯಲ್ಲೇ ಕೋಪ ಬೇರೆ.

ಅಂದು ಉದಯಗಿರಿ ಬಡಾವಣೆಯವರ ಕೂಸೊಂದು, ದಿನ ತುಂಬದೆ ಹುಟ್ಟಿದ್ದು, ಅರಿಸಿನ ಬಳಿದ ಹಾಗೆ ಹಳದಿಯಾಗಿತ್ತು. ಅಲ್ಬುಮಿನ್ ಕಡಿಮೆಯಿದ್ದರೆ ಕೂಡಲೇ ರಕ್ತ ಬದಲಾಯಿಸಬೇಕು, ಇಲ್ಲವೆಂದರೆ ನೀಲಿ ದೀಪದಡಿ ಮಲಗಿಸಿದರೆ ಸಾಕು ಎಂದು ಡಾಕ್ಟರು ಕಾಯುತ್ತಿದ್ದರು. ಯಂತ್ರ ಸಿದ್ಧವಾಗಿತ್ತು. ಕೂಸಿನ ರಕ್ತದ ಕೊಳವೆ ಮಾತ್ರ ಕಾಣಲಿಲ್ಲ. ವಾರ್ಡಿಗೆ ಫೋನು ಮಾಡಿ ನರ್ಸಿನ ಮೇಲೆ ಹಾರಾಡಿದೆ. "ಬೆಳಿಗ್ಗೇನೇ ನಿಮ್ಮ ಟೇಬಲ್ ಮೇಲೆ ಇಟ್ಟಿದೀನಿ ಮೇಡಂ" ಎಂದಳು. ಆ ಪುಟ್ಟ ಹಿಮ್ಮಡಿಗೆ ಮತ್ತೆ ಸೂಜಿ ಚುಚ್ಚಬೇಕಲ್ಲ ಎಂದು ಟೇಬಲ್ ಕೆಳಗೆಲ್ಲ ಹುಡುಕತೊಡಗಿದೆ.

ಅಷ್ಟರಲ್ಲಿ ನೆಲ ಗುಡಿಸುವ ಆಯಮ್ಮ ಬಂದು ಒಂದು ಕೊಳವೆ ಮುಂದೆ ಹಿಡಿದಳು. "ಇದ್ನ ಯಾಕ್ ಬುಟ್ಟಿಗಾಕ್ಬುಟ್ರಿ ಮೇಡಮ್ಮೋರೆ?"

ಅದರ ಚೀಟಿಯ ಮೇಲೆ ‘ಕಸ’ ಎಂದಿತ್ತು. ಬೆಳಿಗ್ಗೆ ಟೇಬಲ್ ಚೊಕ್ಕಟ ಮಾಡುವಾಗ ಹಾಗೆಂದು ಓದಿದವಳೇ ಎಸೆದಿದ್ದೆ.

ಆಯಮ್ಮ ಆ ವರ್ಷವಷ್ಟೇ ಸಂಜೆ ಶಾಲೆಯಲ್ಲಿ ಅಕ್ಷರ ಕಲಿತಿದ್ದಳು. "ಕಸದ್ ಮೇಲೆ ಯಾರಾದ್ರೂ ಕಸ ಅಂತ ಬರೀತಾರಾ? ಇದು ಮಗೀನ್ ಎಸ್ರು ಕಣಮ್ಮ. ಮುಂಚೆ ಉಟ್ಟಿದ್ವು ಉಳೀದೇ ಓದ್ರೆ ನಮ್ಮಲ್ಲಿ ಅಂಗೇ ಕರೀತಾರೆ, ಯಮನ ಕಣ್ಣು ಬೀಳ್ದಿರ್ಲಿ ಅಂತ."

ಆಗಿದ್ದೂ ಅದೇ. ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಬಾಣಂತಿಯರಿದ್ದರು. ಗೊಂದಲ ಬೇಡವೆಂದು ನರ್ಸು ಕೂಸಿನ ಅಜ್ಜಿಯನ್ನು ಕೇಳಿ, ತಾಯಿಯ ಹೆಸರಿನ ಬದಲು ಕೂಸನ್ನು ಕರೆಯುವ ಹೆಸರು ಬರೆದಿದ್ದಳು.

ಕೂಡಲೇ ಅದನ್ನು ಯಂತ್ರಕ್ಕೆ ಕೊಟ್ಟೆ. ಕಾಗದದ ಮೇಲೆ ಅಲ್ಬುಮಿನ್ನಿನ ಗೆರೆ ಕಿರುಬೆರಳೆತ್ತರಕ್ಕೂ ಏಳಲಿಲ್ಲವೆನ್ನಿ, ಅಷ್ಟು ಕಡಿಮೆ. ಮಧ್ಯಾಹ್ನದೊಳಗೆ ರಕ್ತ ಬದಲಾಯಿಸಿದರು. ನರ್ಸಿನ ಕ್ಷಮೆ ಕೇಳಿದೆ. ನನ್ನ ಮಟ್ಟಿಗೆ ಅದು ಸಣ್ಣ ಕೆಲಸವಲ್ಲ.

ಕೂಸು ಮನೆಗೆ ಹೊರಟ ದಿನ ಅಜ್ಜಿ ನನ್ನ ಕೈ ಹಿಡಿದು, "ನೀನೇ ಉಳ್ಸಿದ್ದು ಕಣವ್ವ" ಎಂದಳು. ನಾಚಿಕೆಯಾಯಿತು. ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದ ಆಯಮ್ಮನ ಬಳಿಗೆ ಕರೆದೊಯ್ದು, "ಉಳಿಸಿದ್ದು ಇವರು" ಎಂದೆ. ಇಂದಿಗೂ ಆ ಹೆಂಗಸಿನ ಋಣ ನನ್ನ ಮೇಲಿದೆ.

ಆಯಮ್ಮ ಕೈ ತೊಳೆದು ಬಂದು ಕೂಸನ್ನು ಎತ್ತಿಕೊಂಡಳು. "ಏನ್ಲಾ ಕಸ, ಯಮನ್ನ ಯಾಮಾರ್ಸು ಅಂದ್ರೆ ಮೇಡಮ್ಮೋರ್ನೂ ಯಾಮಾರ್ಸ್ಬುಟ್ಟಲ್ಲೋ!"