ನಡುವಿಗೆ ಬಂದ ಬಿಳಿ ಇಲಿ

ದೆವ್ವ, ಶಕುನ, ಕಣ್ಕಟ್ಟು ಯಾವುದನ್ನೂ ನಾನು ನಂಬಿದವಳಲ್ಲ. ಯಾರಾದರೂ ಅಂಥ ಕಥೆ ಶುರು ಮಾಡಿದರೆ “ವಿಡಿಯೋ ಇದೆಯಾ?” ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನೀವು ನನ್ನನ್ನೇ ಹಾಗೆ ಕೇಳಿದರೆ, ಹೌದು, ವಿಡಿಯೋ ಇದೆ. ತೊಂದರೆ ಇರುವುದೇ ಅದರಲ್ಲಿ.

ಕೆಲವು ವರ್ಷಗಳ ಹಿಂದಿನ ಮಾತು. ಹಾರೋಹಳ್ಳಿ ಕಡೆಯ ಒಂದು ಪ್ರಯೋಗಾಲಯದಲ್ಲಿ ಇಲಿಗಳ ಸ್ವಭಾವ ಪರೀಕ್ಷಿಸುವುದು ನನ್ನ ಕೆಲಸ. ಅಲ್ಲಿ ಎರಡು ತಳಿಗಳಿದ್ದವು, ಕರಿ ಮತ್ತು ಬಿಳಿ. ದೀಪದ ಕೆಳಗೆ ಅಗಲವಾದ ತೆರೆದ ಪೆಟ್ಟಿಗೆಯಲ್ಲಿ ಬಿಟ್ಟರೆ ಕರಿ ಇಲಿ ಸ್ವಲ್ಪ ಹೊತ್ತಿಗೆ ನಡುವಿಗೆ ಬಂದು ಮೂಸಾಡುತ್ತದೆ. ಬಿಳಿಯದು ಪುಕ್ಕಲು, ಗೋಡೆ ಬಿಟ್ಟು ಕದಲುವುದಿಲ್ಲ. ನಡುವೆ ಎಷ್ಟು ಹೊತ್ತು ಇತ್ತೆಂದು ಮೇಲಿನ ಕ್ಯಾಮೆರಾ ನೋಡಿ ಕಂಪ್ಯೂಟರ್ ಹೇಳುತ್ತದೆ. ರಾಮನಗರದಲ್ಲಿ ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬೆಳೆದವಳು ನಾನು. ತಾಯಿಯಂತೆ ಮಗಳು, ನೂಲಿನಂತೆ ಸೀರೆ. ತಳಿಯ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇಲ್ಲ ಎಂದುಕೊಂಡಿದ್ದೆ.

ಪಂಜರ ತೊಳೆಯುತ್ತಿದ್ದ ಕೆಂಪಣ್ಣ ಹತ್ತಿರದ ಮರಳವಾಡಿಯವರು, ಕುರಿ ಸಾಕುವ ಮನೆತನದವರು. ಒಮ್ಮೆ ಬಿಳಿ ಇಲಿಯೊಂದು ಮರಿ ಹಾಕಿ ಸತ್ತಿತು. ಒಂದೇ ಮರಿ ಉಳಿದಿತ್ತು. ತಬ್ಬಲಿ ಕುರಿಮರಿಗೆ ಬೇರೆ ತಾಯಿಯ ವಾಸನೆ ಹಚ್ಚಿ ಹಾಲಿಗೆ ಬಿಡುತ್ತಾರಲ್ಲ, ಹಾಗೆ ಕೆಂಪಣ್ಣ ಅದಕ್ಕೆ ಕರಿ ಇಲಿಯ ಗೂಡಿನ ಹೊಟ್ಟು ಸವರಿ, ಆಕೆಯ ಮರಿಗಳ ಜೊತೆ ಇಟ್ಟುಬಿಟ್ಟಿದ್ದರು. ನನಗೊಂದು ಮಾತು ಹೇಳಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಮರಿ ಬೆಳೆದಿತ್ತು. ಹೀಗೆ ಬೆರೆಸಿ ಬೆಳೆಸಿದ ಇಲಿ ಪ್ರಯೋಗಕ್ಕೆ ಬಾರದು, ನಿಯಮದಂತೆ ಅದನ್ನು ಕೊಲ್ಲಬೇಕು. ನಾನು ಚೆನ್ನಾಗಿ ರೇಗಿದೆ.

“ಒಂದ್ಸಲ ಪೆಟ್ಗೆಗೆ ಬುಟ್ಟು ನೋಡಿ ಮೇಡಮ್ಮೋರೆ. ಕರಿಯವ್ಳ ಹಾಲು ಕುಡ್ದೈತೆ, ಒಸಿ ಧೈರ್ಯ ಬಂದೈತೆ,” ಎಂದರು.

“ನಡುವಿಗೆ ಬಂದರೆ ಉಳಿಸಿಕೊಳ್ಳೋಣ ಅಂತ ಸಾಹೇಬರಿಗೆ ನಾನೇ ಹೇಳ್ತೀನಿ,” ಎಂದೆ. ಬರುವುದಿಲ್ಲ ಎಂಬ ಖಾತ್ರಿಯಿಂದ ಕೊಟ್ಟ ಮಾತು ಅದು.

ಪರೀಕ್ಷೆ ನಡೆದದ್ದು ಇಲಿಗಳ ರಾತ್ರಿ, ನಮ್ಮ ಮಧ್ಯಾಹ್ನ. ಇಲಿಗಳು ಕತ್ತಲಲ್ಲೇ ಚುರುಕು, ಹಾಗಾಗಿ ಆ ಕೋಣೆಯಲ್ಲಿ ಹಗಲು ರಾತ್ರಿಯನ್ನು ಅದಲುಬದಲು ಮಾಡಿದ್ದೆವು. ಹೊರಗೆ ಸುಡು ಬಿಸಿಲು, ಒಳಗೆ ಮಂಕು ಕೆಂಪು ದೀಪ, ಪೆಟ್ಟಿಗೆಯ ಮೇಲಷ್ಟೇ ಬಿಳಿ ಬೆಳಕು. ಇಲಿ ಮೊದಲು ಗೋಡೆಗೆ ಅಂಟಿಕೊಂಡಿತ್ತು. ಆಮೇಲೆ ನೆಟ್ಟಗೆ ನಡುವಿಗೆ ನಡೆದು ಬಂತು. ಹಿಂಗಾಲ ಮೇಲೆ ಎದ್ದು ನಿಂತು ಮುಖ ಉಜ್ಜಿಕೊಂಡಿತು. “ಅಗಾ, ಬಂತು!” ಎಂದು ಕೆಂಪಣ್ಣ ಬೆರಳು ಚಾಚಿದರು. ನನಗೂ ಖುಷಿಯಾಯಿತು, ಸುಳ್ಳೇಕೆ.

ಪ್ರಯೋಗಾಲಯದ ಮುಖ್ಯಸ್ಥರಾದ ಸಾಹೇಬರ ಮುಂದೆ ಕಂಪ್ಯೂಟರ್ ತೆರೆದರೆ, ನಡುವೆ ಇದ್ದ ಸಮಯ ಸೊನ್ನೆ. ವಿಡಿಯೋ ಹಾಕಿದೆ. ಅದೇ ಇಲಿ, ಅದರ ಎಡಗಿವಿಯಲ್ಲಿ ಗುರುತಿಗೆಂದು ನಾನೇ ಮಾಡಿದ ತೂತು. ಪರೀಕ್ಷೆಯ ಹತ್ತು ನಿಮಿಷವೂ ಅದು ಗೋಡೆ ಬಿಟ್ಟಿಲ್ಲ. ಒಂದು ಕಡೆ ಕೆಂಪಣ್ಣನವರ ಬೆರಳು ಪರದೆಯೊಳಗೆ ಚಾಚಿ ನಡುವನ್ನು ತೋರಿಸುತ್ತದೆ. ಅಲ್ಲಿ ಏನೂ ಇಲ್ಲ.

“ನೀವು ನೋಡಿದ್ರಾ?” ಎಂದರು ಸಾಹೇಬರು.

ಕೆಂಪಣ್ಣ ಬಾಗಿಲಲ್ಲೇ ನಿಂತಿದ್ದರು. “ಇಬ್ರೂ ನೋಡುದ್ವಲ್ಲ ಮೇಡಮ್ಮೋರೆ, ಹೇಳಿ.”

“ಇಲ್ಲ ಸಾರ್, ನಾನು ನೋಡಲಿಲ್ಲ,” ಎಂದೆ.

ಕೆಂಪಣ್ಣ ನನ್ನನ್ನೊಮ್ಮೆ ನೋಡಿ ಪಂಜರಗಳ ಕಡೆ ಹೊರಟರು. ಸಂಜೆ ಆ ಇಲಿಯ ಪಂಜರ ತೊಳೆದು ಬೋರಲು ಹಾಕಿತ್ತು.

ಕ್ಯಾಮೆರಾ ಪರೀಕ್ಷೆ ಮಾಡಿಸಿದೆ, ಸರಿಯಿತ್ತು. ಆಮೇಲೆ ಅನುಮತಿ ಪಡೆದೇ ಬಿಳಿ ಮರಿಗಳನ್ನು ಕರಿ ತಾಯಂದಿರ ಬಳಿ ಬೆಳೆಸಿದೆ. ಕೆಲವಕ್ಕೆ ಭಯ ಕೊಂಚ ಕಡಿಮೆಯಿತ್ತು, ಅಷ್ಟೇ. ಯಾವುದೂ ಅದರಂತೆ ನಡುವೆ ಬಂದು ನಿಲ್ಲಲಿಲ್ಲ. ಇಬ್ಬರಿಗೂ ಒಟ್ಟಿಗೇ ಭ್ರಮೆಯಾಯಿತೇ? ಇರಬಹುದು. ವಿಡಿಯೋ ಈಗಲೂ ಆಗಾಗ ಹಾಕಿ ನೋಡುತ್ತೇನೆ. ಆ ಮಧ್ಯಾಹ್ನ ಪೆಟ್ಟಿಗೆಯಲ್ಲಿ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ನೋಡಿದ್ದೆ ಎಂಬುದು ಮಾತ್ರ ಗೊತ್ತು.